ಅಜ್ಜನ ಫೋಟೋದ ಕೆಳಗಿನ ಸಾಲು

ಹೊಸ ಪತ್ರಿಕೆಯ ಮಸಿ ವಾಸನೆ ನಿಮ್ಮಲ್ಲಿ ಹಲವರಿಗೆ ಮುಂಜಾನೆಯ ಚಹಾ ನೆನಪಿಸೀತು. ನನಗೆ ಅದು ಮರಾಠಿ ಸೀಮೆಯ ಕನ್ನಡದೂರು ವಾಗದರಿಯ ನಮ್ಮ ಪಡಸಾಲೆಯನ್ನು ತರುತ್ತದೆ. ಅಕ್ಕಲಕೋಟದ ಮೊದಲ ಬಸ್ಸಿನ ಕಂಡಕ್ಟರ್ ಸೊಲ್ಲಾಪುರದ ಮರಾಠಿ ಪತ್ರಿಕೆಯನ್ನು ಸುರುಳಿ ಸುತ್ತಿ ನಮ್ಮ ಕಟ್ಟೆಗೆ ಎಸೆಯುತ್ತಿದ್ದ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತಿತ್ತು, ಅಜ್ಜಿಗೂ ಕೇಳಬೇಕಲ್ಲ. ಅಜ್ಜ ಕಂಬಕ್ಕೆ ಒರಗಿ, ಮರಾಠಿಯ ಮೇಲೆ ಕಣ್ಣಾಡಿಸುತ್ತ, ಕಟ್ಟೆಯಲ್ಲಿ ಕೂಡಿದ ಊರವರಿಗೆ ಬಾಯಲ್ಲಿ ಕನ್ನಡ ಮಾಡಿ ಓದುತ್ತಿದ್ದರು. ಮೊದಲೇ ಓದಿಕೊಳ್ಳುತ್ತಿರಲಿಲ್ಲ, ಒಂದು ಸಾಲನ್ನೂ ಬಿಡುತ್ತಿರಲಿಲ್ಲ. ಬಿಟ್ಟು ಓದಿದರೆ ಅದು ಓದುವವನ ಸುದ್ದಿಯಾಗುತ್ತದೆ ಎನ್ನುತ್ತಿದ್ದರು. ಕುರಿ ಕಾಯುವ ಬೀರಣ್ಣ ಒಮ್ಮೆ, "ಅವಿಶ್ವಾಸ ಠರಾವು ಅಂದ್ರೇನ್ರಿ ಕಾಕಾ?" ಎಂದು ಕೇಳಿದ. "ನಿನ್ನ ಹೇಂತಿ ಸಂತಿ ರೊಕ್ಕಾ ನಿನ್ನ ಕೈಯಾಗ ಕೊಡೂದಿಲ್ಲಲ್ಲ, ಅದ," ಎಂದರು ಅಜ್ಜ. ಕಟ್ಟೆಯೆಲ್ಲ ನಕ್ಕಿತು. ಯಾರಾದರೂ ಅಚ್ಚಾದ ಸುದ್ದಿಯನ್ನೇ ಅನುಮಾನಿಸಿದರೆ ಮಾತ್ರ ಅವರು ನಗುತ್ತಿರಲಿಲ್ಲ. "ಛಾಪಿಸ್ಯಾರ ಅಂದ್ರ ತಪಾಸ ಮಾಡೇ ಛಾಪಿಸಿರತಾರ."

ಊರ ಕುರಿ ಮೇಯುವ ಗಾಯರಾಣವನ್ನು ಕಂಪನಿಯೊಂದಕ್ಕೆ ಕೊಡುವ ಮಾತು ಬಂದಾಗ ಅಜ್ಜ ಅಕ್ಕಲಕೋಟಕ್ಕೆ ಹೋಗಿ, ಬೇಡವೆಂಬ ಅರ್ಜಿಯನ್ನು ತಹಸೀಲ ಕಚೇರಿಯ ಸಾಹೇಬರ ಕೈಗೆ ಕೊಟ್ಟು ಬಂದರು. ಪತ್ರಿಕೆಯ ವರದಿಗಾರ ಫೋಟೋ ತೆಗೆದಿದ್ದ. ಮರುದಿನ ಕಟ್ಟೆಯ ಮೇಲೆ ಅಜ್ಜ ತಮ್ಮದೇ ಮುಖ ನೋಡಿ ಸಣ್ಣಗೆ ನಕ್ಕು, ಕೆಳಗಿನ ಸಾಲು ಓದತೊಡಗಿದರು. 'ಗಾಯರಾಣ ಕೊಡಲು ಊರಿನ ಒಪ್ಪಿಗೆ ಪತ್ರ ಸಲ್ಲಿಸಿದ ಹಿರಿಯರು.' ನಡುವೆ ದನಿ ಇಳಿಯಿತು, ಆದರೂ ಸಾಲು ಬಿಡಲಿಲ್ಲ. "ಇದು ಸುಳ್ಳ ಐತಿ," ಎಂದರು ಕೊನೆಗೆ. ಬೀರಣ್ಣ ಕಂಬಳಿ ಕೊಡವಿ ಎದ್ದ. "ಛಾಪಿಸ್ಯಾರಲ್ರಿ ಕಾಕಾ," ಎಂದಷ್ಟೇ ಹೇಳಿ ಹೊರಟ. ಮರುದಿನ ಕಟ್ಟೆಗೆ ಯಾರೂ ಬರಲಿಲ್ಲ.

ಅಜ್ಜ ನನ್ನ ಕೈ ಹಿಡಿದು ಸೊಲ್ಲಾಪುರದ ಕಚೇರಿಗೆ ಹೋದರು. ವರದಿಗಾರ ಚಹಾ ತರಿಸಿದ, ನನ್ನ ಗಲ್ಲ ಹಿಂಡಿದ. "ತಿದ್ದುಪಡಿ ಹಾಕೂಣ್ರಿ ಅಜ್ಜಾರ. ಜಾಗಾ ಇದ್ರ ಹಾಕ್ತೀವಿ." ಆ ಜಾಗ ಬರಲೇ ಇಲ್ಲ. ಗಾಯರಾಣಕ್ಕೆ ಬೇಲಿ ಬಿತ್ತು. ಅಜ್ಜ ಇರುವವರೆಗೂ ಪತ್ರಿಕೆ ಬರುತ್ತಿತ್ತು; ಸುರುಳಿ ಬಿಚ್ಚದೆ ಒಲೆಯ ಪಕ್ಕ ಇಡುತ್ತಿದ್ದರು. ರೊಟ್ಟಿ ಬಡಿಯುವ ಸದ್ದು ಮತ್ತೆ ಯಾವ ಮುಂಜಾನೆಯೂ ನಡುವೆ ನಿಲ್ಲಲಿಲ್ಲ.

ನಾನು ಮರಾಠಿಯಲ್ಲಿ ಓದಿದೆ, ಪದವಿ ಪಡೆದೆ, ಅದೇ ಕಚೇರಿಯಲ್ಲಿ ಕೆಲಸಕ್ಕೆ ಸೇರಿದೆ. ಯಾಕೆಂದು ಯಾರಿಗೂ ಹೇಳಲಿಲ್ಲ. ಸರಕಾರದ ಕೆಲಸ ಹೇಗೆ ನಡೆಯುತ್ತದೆಂದು ಓದುಗರಿಗೆ ತಿಳಿಸುವ ವಾರದ ಅಂಕಣ ನನ್ನದು. ಆ ವರದಿಗಾರ ನಿವೃತ್ತನಾಗಿದ್ದ. ಸೊಲ್ಲಾಪುರದಲ್ಲಿ ಅವನಿಗೆ ಸನ್ಮಾನ ಇಟ್ಟ ದಿನಕ್ಕೆ ಹೊಂದಿಸಿ, ಊರ ಜಮೀನಿಗೆ ತಕರಾರು ಕೊಡುವುದು ಹೇಗೆ ಎಂದು ಬರೆದೆ. ಉದಾಹರಣೆಗೆ ಅಜ್ಜನ ಅರ್ಜಿಯ ನಕಲನ್ನು ತಹಸೀಲ ಕಚೇರಿಯಿಂದ ತೆಗೆಸಿದ್ದೆ. ಅದರ ಪಕ್ಕಕ್ಕೆ ಆ ಫೋಟೋ, ಹಳೆಯ ಸಾಲು, ಬರೆದವನ ಹೆಸರು. ಸಂಪಾದಕರು ಓದಿ, ನನ್ನ ಮುಖ ನೋಡಿ, ಸಹಿ ಹಾಕಿದರು. ಅಚ್ಚಾದ ದಿನ ಮಧ್ಯಾಹ್ನ ಆ ವರದಿಗಾರನ ಫೋನು ಬಂತು. "ಶಾಲು ಹೊದಿಸೂ ಹೊತ್ತಿಗೆ ಮಂದಿ ಪೇಪರ್ ಓದಿ ನಗಾಕತ್ತಿದ್ರು, ತಾಯಿ. ನನ್ನ ಮಾತೂ ಒಂದೀಟ ಹಾಕ್ರಿ." ನಾನು ಮೆಲ್ಲಗೆ ಹೇಳಿದೆ, "ಜಾಗಾ ಇದ್ರ ಹಾಕ್ತೀವ್ರಿ." ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಭಾನುವಾರ ಪತ್ರಿಕೆ ಹಿಡಿದು ವಾಗದರಿಗೆ ಹೋದೆ. ಬೀರಣ್ಣ ಈಗ ಆ ಬೇಲಿಯ ಗೇಟಿನಲ್ಲೇ ಕಾವಲುಗಾರ, ಕುರಿಗಳಿಲ್ಲ. ಅವನನ್ನು ಕಟ್ಟೆಗೆ ಕರೆದು, ಅಜ್ಜನ ಹಾಗೆ ಕನ್ನಡ ಮಾಡಿ, ಒಂದು ಸಾಲನ್ನೂ ಬಿಡದೆ ಓದಿದೆ. ಅವನು ಫೋಟೋದ ಮೇಲೆ ಬೆರಳಾಡಿಸಿದ.

"ಛಾಪಿಸ್ಯಾರ ಅಂದ್ರ ಖರೇನ ಇರಬೇಕ ಬಿಡವಾ," ಎಂದ.

ಅಜ್ಜನ ಬೆನ್ನು ತಾಗಿ ನುಣುಪಾದ ಕಂಬಕ್ಕೆ ನಾನು ಒರಗಿ ಕೂತೆ. ಅಜ್ಜ ಹೇಳಿದಾಗ ಇವನು ನಂಬಿದ್ದರೆ ಸಾಕಿತ್ತು.