ಹುಳು ಮೇಯುವ ದಿನಗಳ ಖಾಲಿ ಹಾಳೆ

ನನ್ನ ಡೈರಿಯ ಹಾಳೆಗಳಿಗೆಲ್ಲ ಹಿಪ್ಪುನೇರಳೆ ಸೊಪ್ಪಿನ ಕಲೆ. ಸೊಪ್ಪು ಬಿಡಿಸಿದ ಕೈಯನ್ನು ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯಲ್ಲಿ ಒಂದಿಷ್ಟು ಹಸಿರು ಉಳಿದೇ ಉಳಿಯುತ್ತದೆ. ಅದು ಸೆರಗಿಗೂ ದಿಂಬಿಗೂ ಹತ್ತುವ ಹಾಗೆ ಹಾಳೆಯ ಮೂಲೆಗೂ ಹತ್ತಿ, ಒಣಗಿ, ಕಾಫಿ ಚೆಲ್ಲಿದ ಬಣ್ಣಕ್ಕೆ ತಿರುಗುತ್ತದೆ. ಚನ್ನಪಟ್ಟಣದ ಗೊಬ್ಬರದಂಗಡಿಯವರು ವರ್ಷಕ್ಕೊಂದರಂತೆ ನಮ್ಮ ಯಜಮಾನರಿಗೆ ಕೊಡುವ ಡೈರಿ ಅದು. ಅವರಿಗೆ ಬೇಕಾದದ್ದು ಕೊನೆಯಲ್ಲಿರುವ ಅಮಾವಾಸ್ಯೆ ಹುಣ್ಣಿಮೆಗಳಷ್ಟೇ, ಉಳಿದ ಹಾಳೆಗಳೆಲ್ಲ ನನ್ನವು. ನೀರು ಬಿದ್ದರೆ ಮಸಿ ಕಲಸಿಹೋಗುತ್ತದೆಂದು ಪೆನ್ಸಿಲಿನಲ್ಲಿ ಬರೆಯುತ್ತೇನೆ, ಬರೆದದ್ದನ್ನು ಅಕ್ಕಿ ಡ್ರಮ್ಮಿನ ಮೇಲೆ, ಇಲಿ ಹತ್ತದ ಕಡೆ ಇಡುತ್ತೇನೆ. ಅಷ್ಟು ಜೋಪಾನ ಮಾಡುವಂಥದ್ದು ಅದರಲ್ಲಿ ಏನಿದೆ ತಾಯೀ ಎಂದು ನೀವು ಕೇಳಬಹುದು. ನಿಜ ಹೇಳಬೇಕೆಂದರೆ ಏನೂ ಇಲ್ಲ.

ಇವತ್ತು ಉಪ್ಪೆಸರು, ಹುರುಳಿ ಬೇಯಲಿಲ್ಲ. ಮಧ್ಯಾಹ್ನದಿಂದ ಕರೆಂಟಿಲ್ಲ. ಕೆಂಪು ಹಸು ಮೇವು ಮುಟ್ಟಲಿಲ್ಲ. ತವರಿನಿಂದ ಅಣ್ಣ ಬಂದಿದ್ದ, ಉಳಿದುಕೋ ಎಂದರೆ ಉಳಿಯಲಿಲ್ಲ. ಇಂಥವೇ. ಹೈಸ್ಕೂಲಿನಲ್ಲಿ ಕನ್ನಡದ ಮೇಡಂ ಹಚ್ಚಿದ ಈ ಚಟ ಮದುವೆಯಾಗಿ ಅಕ್ಕೂರಿನ ಮಗ್ಗುಲಿನ ಈ ಊರಿಗೆ ನನ್ನ ಹಿಂದೆಯೇ ಬಂತು. ದಿನವೆಲ್ಲ ಮಾಡಿದ್ದನ್ನು ಸಂಜೆ ಕೂತು ಇನ್ನೊಂದು ಸಲ ಮಾಡುತ್ತೀಯಲ್ಲ, ನಿನಗೆ ಬೇಸರವಾಗುವುದಿಲ್ಲವೇ ಎಂದು ಯಜಮಾನರು ರೇಗಿಸುತ್ತಿದ್ದರು. ಅತ್ತೆಯಂತೂ ಮೂಗು ಮುರಿಯುತ್ತಿದ್ದರು. ಹುರುಳಿ ಬೇಯಲಿಲ್ಲ ಅಂತ ಬರೆದರೆ ಅದು ಬೇಯುತ್ತದೆಯೇ ಎಂದು ಅವರ ಪ್ರಶ್ನೆ. ಬರೆಯದಿದ್ದರೆ ದಿನಕ್ಕೆ ಅಂಚು ಕಟ್ಟಿದ ಹಾಗಾಗುವುದಿಲ್ಲ, ಒಂದು ದಿನ ಇನ್ನೊಂದಕ್ಕೆ ಹರಿದು ಸೇರಿಬಿಡುತ್ತದೆ ಎಂಬುದಷ್ಟೇ ನನಗೆ ತಿಳಿದದ್ದು, ಅದನ್ನು ಅತ್ತೆಗೆ ಹೇಳುವುದು ಹೇಗೆ?

ಈಗ ತಿರುವಿ ನೋಡಿದರೆ ಆಶ್ಚರ್ಯವಾಗುತ್ತದೆ. ನಮ್ಮ ಸೀಮೆಯ ಮೋರೆಯೇ ಬದಲಾಗಿಹೋದ ಆ ವರ್ಷಗಳು ನನ್ನ ಹಾಳೆಗಳಲ್ಲಿ ಸಾರು ಪಲ್ಯಗಳ ನಡುವೆ ತಲೆ ತಗ್ಗಿಸಿಕೊಂಡು ಕೂತಿವೆ. 'ಹೆದ್ದಾರಿಯ ಹುಣಸೆ ಮರಗಳನ್ನು ಕಡಿಯುತ್ತಿದ್ದಾರೆ. ಸೊಪ್ಪಿನ ಸಾರು.' 'ಬಿಡದಿ ಕಡೆ ಇನ್ನೊಂದು ಫ್ಯಾಕ್ಟರಿ ಬಂತಂತೆ. ಅತ್ತೆಗೆ ಮಂಡಿ ನೋವು.' 'ಗಾರ್ಮೆಂಟ್ಸಿನ ವ್ಯಾನು ಇವತ್ತಿನಿಂದ ನಮ್ಮೂರ ಗೇಟಿಗೂ ಬರುತ್ತದೆ. ಬೆಕ್ಕು ಮರಿ ಹಾಕಿದೆ.' ದೊಡ್ಡದು ಯಾವುದು, ಸಣ್ಣದು ಯಾವುದು ಎಂದು ಬರೆಯುವ ಹೊತ್ತಿನಲ್ಲಿ ಯಾರಿಗೆ ಗೊತ್ತಾಗುತ್ತದೆ ಹೇಳಿ. ಬೆಕ್ಕಿನ ಮರಿಗಳ ಬಣ್ಣ ಯಾವುದೆಂದು ಕೂಡ ನಾನು ಬರೆದಿದ್ದೇನೆ, ವ್ಯಾನಿನ ಬಗ್ಗೆ ಅಷ್ಟೇ.

ಆದರೆ ಡೈರಿ ದಿನಚರಿಯೆಂದು ಹೆಸರು ಹೊತ್ತರೂ ನನ್ನದು ದಿನಾ ಬರೆದದ್ದಲ್ಲ. ರೇಷ್ಮೆ ಹುಳು ಸಾಕುವ ಮನೆಯವರಿಗೆ ಅದು ಸಾಧ್ಯವೂ ಇಲ್ಲ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆಯೆತ್ತಿಕೊಂಡು ಅಲುಗದೆ ಇರುತ್ತದೆ, ಸೊಪ್ಪು ಕೇಳುವುದಿಲ್ಲ, ಆಗ ಮನೆಯವರೆಲ್ಲ ಬೆನ್ನು ನೆಟ್ಟಗೆ ಮಾಡುತ್ತಾರೆ. ಆ ದಿನಗಳಲ್ಲಿ ನಾನು ಪುಟ ತುಂಬ ಬರೆದಿದ್ದೇನೆ. ನಾಲ್ಕನೇ ಜ್ವರ ಎದ್ದವೋ, ಮುಗಿಯಿತು. ಅಲ್ಲಿಂದ ಗೂಡು ಕಟ್ಟುವ ತನಕ ಅವುಗಳದು ಒಂದೇ ಸಮನೆ ಮೇತ. ಕೊಯ್ಯುವುದು, ಹೊರುವುದು, ಹಾಕುವುದು, ಕಸ ತೆಗೆಯುವುದು, ಮತ್ತೆ ಕೊಯ್ಯುವುದು. ಹಣ್ಣಾದ ಹುಳುವನ್ನು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುವಷ್ಟರಲ್ಲಿ ನಾವೇ ಬಳಲಿ ಹಣ್ಣಾಗಿರುತ್ತೇವೆ. ಆ ದಿನಗಳು ಡೈರಿಯಲ್ಲಿ ಖಾಲಿ. ಪ್ರತಿ ಬೆಳೆಗೂ ಒಂದು ವಾರದಷ್ಟು ಬಿಳಿ ಹಾಳೆ. ಬಿಡುವಾಗಿದ್ದ ದಿನಗಳನ್ನೆಲ್ಲ ಬರೆದಿಟ್ಟು, ಮೈಮುರಿದು ಬದುಕಿದ ದಿನಗಳನ್ನು ಬಿಟ್ಟುಕೊಟ್ಟಿದ್ದೇನೆ. ಇದು ಹೊಳೆದದ್ದು ಗೌರಿ ಹೋದ ಮೇಲೆ.

ಗೌರಿ ನನ್ನ ನಾದಿನಿ, ಯಜಮಾನರ ಕೊನೆಯ ತಂಗಿ. ನಾನು ಈ ಮನೆಗೆ ಬಂದಾಗ ಲಂಗದ ಹುಡುಗಿ. ನನಗೆ ಮಕ್ಕಳಾಗಲಿಲ್ಲ, ಜಡೆ ಹಾಕುವ ಆಸೆಯನ್ನೂ ಗದರುವ ಆಸೆಯನ್ನೂ ನಾನು ತೀರಿಸಿಕೊಂಡದ್ದು ಅವಳಲ್ಲೇ. ಬಸ್ಸು ನಿಲ್ಲುವ ಊರಿನ ಗೇಟಿಗೆ ವ್ಯಾನು ಬರತೊಡಗಿದ ಮೇಲೆ ಅವಳೂ ಗಾರ್ಮೆಂಟ್ಸಿಗೆ ಹೋಗುತ್ತೇನೆಂದು ಹಟ ಹಿಡಿದಳು. ಮನೆಯಲ್ಲಿ ಕೆಲಸವಿಲ್ಲವೇ ಎಂದು ಅತ್ತೆ ಕೂಗಾಡಿದರು. ಅದಕ್ಕೆ ಅವಳು, ಹುಳು ಮನೆಯಲ್ಲಿ ಕೆಲಸ ಇದೆ ಆದರೆ ಕೆಲಸ ಮುಗಿಯುವುದಿಲ್ಲ, ಅಲ್ಲಾದರೆ ಬೆಲ್ ಹೊಡೆಯುತ್ತದೆ, ಅವತ್ತಿನದು ಅವತ್ತಿಗೆ ಮುಗಿಯುತ್ತದೆ ಎಂದಳು. ದಿನಕ್ಕೊಂದು ಅಂಚು ಬೇಕೆಂಬ ಆಸೆ ಅವಳಿಗೂ ಇತ್ತಲ್ಲ ಎಂದು ನನಗೆ ಒಳಗೊಳಗೇ ಹಿಗ್ಗಾಯಿತು, ಅವಳ ಪರವಾಗಿ ನಾನೇ ಮಾತಾಡಿದೆ.

ನಮ್ಮ ಹುಳು ಮನೆಯ ಕಟ್ಟಳೆಗಳನ್ನು ನಿಮಗೆ ಹೇಳಬೇಕು. ಚಪ್ಪಲಿ ಮೆಟ್ಟಿ ಬರುವಂತಿಲ್ಲ, ಪೌಡರು ಬಳಿದುಕೊಂಡು ಬರುವಂತಿಲ್ಲ, ಅದರ ವಾಸನೆ ಹುಳುವಿಗೆ ಆಗದು. ಒಳಗಿನಿಂದ ಕೂಗಿ ಮಾತಾಡುವಂತಿಲ್ಲ, ಅದು ಅತ್ತೆಯದೇ ಕಾನೂನು. ಗೌರಿ ವ್ಯಾನಿಗೆ ಹೊರಡುವಾಗ ಪೌಡರು ಹಾಕಿ ಹೂ ಮುಡಿದಿರುತ್ತಿದ್ದಳಾದ್ದರಿಂದ ಒಳಗೆ ಕಾಲಿಡದೆ ಹೊಸಿಲಾಚೆಯಿಂದಲೇ 'ಬತ್ತೀನಿ' ಎನ್ನುತ್ತಿದ್ದಳು. ಬಾಗಿಲಿಗೆ ಹತ್ತಿರವಿದ್ದವರು 'ಹುಷಾರಾಗಿ ಹೋಗ್ಬಾ' ಎನ್ನುತ್ತಿದ್ದರು. ಹೊರಟವರಿಗೆ ಓಗೊಡದೆ ಕಳಿಸುವುದು ನಮ್ಮಲ್ಲಿಲ್ಲ. ಮನೆಯಲ್ಲಿ ಎಂಥ ಜಗಳವಾಗಿರಲಿ, ಆ ಒಂದು ಮಾತನ್ನು ಬೆನ್ನಿಗೆ ಕಟ್ಟಿಯೇ ಕಳಿಸುತ್ತಾರೆ.

ಅಂದು ಹುಳು ಜೋರು ಮೇತಕ್ಕೆ ಬಿದ್ದಿದ್ದವು. ನೀವು ಕೇಳಿದ್ದೀರೋ ಇಲ್ಲವೋ, ಕೊನೆಯ ಹಂತದ ಹುಳು ಮೇಯುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಹಿಡಿದ ಹಾಗಿರುತ್ತದೆ. ಅತ್ತೆ ಆ ಸಾಲಿನ ಹುಳು ತಟ್ಟೆಗಳಿಗೆ, ನಾನು ಈ ಸಾಲಿನವಕ್ಕೆ ಸೊಪ್ಪು ಹಾಕುತ್ತಿದ್ದೆವು, ನಡುವೆ ಒಂದರ ಮೇಲೊಂದು ಜೋಡಿಸಿದ ತಟ್ಟೆಗಳ ಗೋಡೆ. 'ಬತ್ತೀನಿ' ಅಂದದ್ದು ಕೇಳಿಸಿತು. ನನ್ನ ಎರಡು ಕೈಯಲ್ಲೂ ಸೊಪ್ಪು. ಅತ್ತೆ ಬಾಗಿಲ ಕಡೆಯೇ ಇರಬೇಕು, ಓಗೊಟ್ಟಿರುತ್ತಾರೆ, ಮೇತದ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ ಅಂದುಕೊಂಡು ಮುಂದಿನ ತಟ್ಟೆ ಎಳೆದೆ. ಆಮೇಲೆ ಸ್ವಲ್ಪ ಹೊತ್ತಿಗೆ ಗೇಟಿನ ಕಡೆಯಿಂದ ಜನ ಓಡಿ ಬಂದರು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿದ್ದ ಕಡೆ ಎದುರಿನಿಂದ ಬಂದ ಲಾರಿ ವ್ಯಾನಿಗೆ ಗುದ್ದಿತ್ತು. ಕೊನೆಗೆ ಹತ್ತಿದವಳೆಂದು ಗೌರಿ ಬಾಗಿಲ ಬಳಿ ಕೂತಿದ್ದಳು. ಉಳಿದ ಹುಡುಗಿಯರಿಗೆ ಕೈಕಾಲಿಗೆ ಪೆಟ್ಟಾಯಿತು, ಅವಳು ಉಳಿಯಲಿಲ್ಲ.

ಊರಿನವರೇ ಬಂದು ಹುಳುವನ್ನು ಚಂದ್ರಿಕೆಗೆ ಬಿಟ್ಟರು. ಹಾಳಾದ್ದು, ಆ ಸಲದಷ್ಟು ಒಳ್ಳೆಯ ಗೂಡು ನಮಗೆ ಎಂದೂ ಬಂದಿರಲಿಲ್ಲ. ರಾಮನಗರದ ಮಾರ್ಕೆಟ್ಟಿಗೆ ತೆಗೆದುಕೊಂಡು ಹೋಗಲು ಯಜಮಾನರು ಒಲ್ಲೆನೆಂದರು, ಪಕ್ಕದ ಮನೆಯವರು ಹೊತ್ತು ಹೋದರು. ಅತ್ತೆ ಅಳಲಿಲ್ಲ. ಉಣ್ಣುವುದನ್ನು ಬಿಟ್ಟರು, ಅಷ್ಟೇ. ತಟ್ಟೆಯ ಮುಂದೆ ಕೂರುವರು, ಮುದ್ದೆಯನ್ನು ಒಂದು ತುತ್ತು ಮುರಿಯುವರು, ಅದನ್ನು ಸಾರಿನಲ್ಲಿ ಹೊರಳಿಸಿ ಹೊರಳಿಸಿ ಹಾಗೇ ಬಿಟ್ಟು ಏಳುವರು. ಕೆನ್ನೆ ಬತ್ತಿತು, ಕೈಯ ಬಳೆ ಮೊಣಕೈಗೆ ಸರಿಯುವಂತಾಯಿತು. ನನಗೂ ಅನ್ನ ಸೇರುತ್ತಿರಲಿಲ್ಲ, ಸುಳ್ಳೇಕೆ ಹೇಳಲಿ. ಆದರೂ ಅವತ್ತು ಅತ್ತೆ ಓಗೊಟ್ಟು ಕಳಿಸಿದ್ದಾರೆ, ಹೆತ್ತ ತಾಯಿಯ ಮಾತು ಕಿವಿಯ ಮೇಲೆ ಬಿದ್ದೇ ಅವಳು ಹೋಗಿದ್ದಾಳೆ ಎಂದು ನೆನೆದಾಗ ಒಂದು ತುತ್ತು ಹೇಗೋ ಒಳಗಿಳಿಯುತ್ತಿತ್ತು.

ಒಂದು ಸಂಜೆ ಅತ್ತೆ ನನ್ನ ಪಕ್ಕ ಬಂದು ಕೂತು, ನನ್ನ ಮಗಳದ್ದು ಏನೇನು ಬರೆದಿದ್ದೀಯೋ ಓದು ಎಂದರು. ಮೊದಲಿಂದ ಓದತೊಡಗಿದೆ. ಅಂದಿನಿಂದ ಅದು ಸಂಜೆಯ ಕೆಲಸವೇ ಆಯಿತು. ಗೌರಿ ಮೊದಲ ದಿನ ವ್ಯಾನಿನಲ್ಲಿ ವಾಂತಿ ಮಾಡಿಕೊಂಡು, ಸಂಜೆ ಅದನ್ನೇ ನಗುತ್ತಾ ಹೇಳಿದ್ದು. ಬಸ್ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮುನಿಸಿಕೊಂಡು ಮಲಗಿದ್ದು, ಆಮೇಲೆ ತಾನಾಗಿಯೇ ಎದ್ದು ಬಂದು ಉಂಡದ್ದು. ಫ್ಯಾಕ್ಟರಿಯಲ್ಲಿ ದಿನವೆಲ್ಲ ಕಾಲರು ಹೊಲಿಯುತ್ತೇನೆ ಅತ್ತಿಗೆ, ಇಲ್ಲಿಯತನಕ ಒಂದೇ ಒಂದು ಪೂರ್ತಿ ಅಂಗಿಯನ್ನು ಕಣ್ಣಲ್ಲಿ ನೋಡಿಲ್ಲ ಎಂದದ್ದು. ಇದನ್ನು ಓದಿದಾಗ ಅತ್ತೆ ಕೈಯೆತ್ತಿ ತಡೆದರು, ಇನ್ನೊಂದು ಸಲ ಓದಿಸಿದರು. "ಒಂದಾದ್ರೂ ಅಂಗಿನ ಪೂರ್ತಿ ನೋಡ್ಕೋಬಾರ್ದಿತ್ತಾ ನನ್ ಕೂಸು" ಎಂದರು. ನನ್ನ ಬರವಣಿಗೆಯೂ ಅಂಥದೇ ಅಲ್ಲವೇ ಅನ್ನಿಸಿತು ನನಗೆ. ವರ್ಷಗಟ್ಟಲೆ ಕೂತು ಬರಿಯ ಕಾಲರುಗಳನ್ನೇ ಹೊಲಿದಿದ್ದೇನೆ.

ಡೈರಿ ಬರೆಯುವವರಿಗೆ ಒಂದು ಅಹಂಕಾರವಿರುತ್ತದೆ, ನನಗಂತೂ ಇತ್ತು. ಇರುವುದನ್ನೇ ಬರೆಯುತ್ತೇನೆ, ಇಲ್ಲದ್ದನ್ನು ಬರೆಯುವುದಿಲ್ಲ ಎಂಬುದು. ಜಗಳವಾಡಿದ ದಿನ ಜಗಳವೆಂದೇ ಬರೆದೆ, ತಪ್ಪು ನನ್ನದಿದ್ದಾಗ ನನ್ನದೆಂದೇ ಬರೆದೆ. ಯಾರೂ ಓದದ ಕಡೆ ನಿಜ ಹೇಳುವುದು ದೊಡ್ಡ ಸಂಗತಿಯೇನಲ್ಲ ಎಂದು ಈಗ ಅನ್ನಿಸುತ್ತದೆ. ಕೇಳುವವರೊಬ್ಬರು ಮಂಡಿಗೆ ಮಂಡಿ ತಾಗಿಸಿ ಕೂತು, ಹಾಳೆಗೂ ನಿಮ್ಮ ಮುಖಕ್ಕೂ ಕಣ್ಣಾಡಿಸುತ್ತಿದ್ದಾರೆಂದರೆ ಆಗ ತಿಳಿಯುತ್ತದೆ ಅದರ ಭಾರ.

ಹಾಳೆಗಳು ಆ ವಾರದ ಕಡೆಗೆ ಸಾಗುತ್ತಿದ್ದ ಹಾಗೆ ನಾನು ನಿಧಾನ ಮಾಡತೊಡಗಿದೆ. ಒಲೆಯ ಕೆಲಸವಿದೆ ಎಂದು ಎದ್ದೆ, ಓದಿದ್ದನ್ನೇ ಮತ್ತೆ ಓದಿದೆ. ಮುಂದೆ ಬಿಳಿ ಹಾಳೆಗಳಿವೆ ಎಂದು ನನಗೆ ಗೊತ್ತಿತ್ತು. ಮಗಳ ಕೊನೆಯ ವಾರದಲ್ಲಿ ಸೊಸೆ ಒಂದಕ್ಷರ ಬರೆದಿಲ್ಲ ಎಂದು ತಿಳಿದರೆ ಈ ಮುದುಕಿ ಏನಾದಾರು ಎಂಬುದೊಂದೇ ನನ್ನ ಭಯ. ನಾಲ್ಕನೇ ಜ್ವರದ ದಿನದ ಹಾಳೆಯೂ ಮುಗಿಯಿತು. ಅದರಲ್ಲಿ ಗೌರಿ ನನ್ನ ತಲೆಗೆ ಎಣ್ಣೆ ಹಚ್ಚಿದ್ದು ಇತ್ತು. ಹಾಳೆ ತಿರುವಿದೆ, ಬಿಳಿ. ಅತ್ತೆಗೆ ಓದಲು ಬಾರದು, ಸಂಜೆಯ ಮಬ್ಬಿನಲ್ಲಿ ಅವರ ಕಣ್ಣಿಗೆ ಪೆನ್ಸಿಲಿನ ಗೆರೆ ಕಾಣುವುದೂ ಇಲ್ಲ. ಅವರು ಹಾಳೆಯನ್ನು ನೋಡುತ್ತಲೂ ಇರಲಿಲ್ಲ.

"ಬ್ಯಾರೆದೆಲ್ಲ ಬ್ಯಾಡ ಕಣವ್ವ," ಎಂದರು. "ಅವತ್ತು ಬೆಳಿಗ್ಗೆದು ಓದು. ಅದು ಬತ್ತೀನಿ ಅಂದಾಗ ನೀನು ಏನಂತ ಓಗೊಟ್ಟೆ? ಹುಳ ಮೇಯೋ ಸದ್ನಲ್ಲಿ ನೀನಂದಿದ್ದು ನಂಗೆ ಕೇಳುಸ್ನೇ ಇಲ್ಲ."

ನನ್ನ ಬೆರಳು ಹಾಳೆಯ ಮೇಲಿತ್ತು. ಇಷ್ಟು ದಿನ ಅವರು ಉಣ್ಣದೆ ಕೂತಿದ್ದುದು ಇದೊಂದು ಮಾತು ಕೇಳಬೇಕೆಂದು, ಕೇಳಲು ಹೆದರಿ. ನಾನು ಓಗೊಟ್ಟಿದ್ದೇನೆಂದು ಅವರು, ಅವರು ಓಗೊಟ್ಟಿದ್ದಾರೆಂದು ನಾನು.

"ಹುಷಾರಾಗಿ ಹೋಗ್ಬಾ ಮಗಾ ಅಂದೆ ಅಂತ ಬರ್ದೀನಿ ಅತ್ತೆ," ಎಂದೆ, ಬಿಳಿ ಹಾಳೆಯನ್ನು ನೋಡಿಕೊಂಡು.

"ಮಗಾ ಅಂದ್ಯಾ?"

"ಹೂಂ ಅತ್ತೆ."

"ಅದುಕ್ಕೆ ಕೇಳುಸ್ತಾ?"

"ಕೇಳುಸ್ತು. ತಿರುಗಿ ನೋಡಿ ನಕ್ಕಳು ಅಂತ ಐತೆ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಅಷ್ಟು ದಿನಕ್ಕೆ ಮೊದಲ ಬಾರಿ ಗಟ್ಟಿಯಾಗಿ ಅತ್ತರು. ಆಮೇಲೆ ಕೈಕಾಲು ತೊಳೆದು ಬಂದು, ಒಸಿ ಉಣ್ಣಾಕೆ ಇಕ್ಕವ್ವ ಎಂದು ತಾವಾಗಿಯೇ ಮಣೆ ಎಳೆದು ಕೂತರು. ನಾನು ಬಡಿಸುವುದಕ್ಕೆ ಮುಂಚೆ ಗೋಡೆಯ ಕಡೆ ತಿರುಗಿ, ಆ ಹಾಳೆಯ ಮೇಲೆ ನಾನು ಹೇಳಿದ ಅಷ್ಟನ್ನೂ ಬರೆದೆ. ಇನ್ನೊಂದು ದಿನ ಯಾರ ಕೈಲಾದರೂ ಓದಿಸಿಕೊಂಡಾರು, ಅದು ಅಲ್ಲಿ ಇರಬೇಕು. ಆಗದ್ದನ್ನು ಆಯಿತೆಂದು ನಾನು ಬರೆದದ್ದು ಅದೊಂದೇ.

ಅತ್ತೆ ಇಡೀ ಮುದ್ದೆ ಉಂಡರು. ಇನ್ನರ್ಧ ಕೇಳಿದರು, ಹಾಕಿದೆ. ನೀನೂ ಕೂತ್ಕೋ ಎಂದು ಕರೆದರು. ಅವರು ಓಗೊಟ್ಟಿದ್ದಾರೆಂದು ನೆನೆದು ತುತ್ತು ಇಳಿಸುವುದು ಇನ್ನು ನನಗಿರಲಿಲ್ಲ. ಆಮೇಲೆ ಉಣ್ಣುತ್ತೇನೆ ಎಂದು ಹೇಳಿ, ಪಾತ್ರೆಯ ಮುಚ್ಚಳ ಮುಚ್ಚಿದೆ.