ಆರನೇ ಹಾಡಿನ ಸಾಕ್ಷಿ

ನಾನು ಬರೆದದ್ದು ಎರಡೇ ಮಾತು. ‘ಆರನೇ ಹಾಡಿನ ಸಾಲುಗಳು ಇವನವಲ್ಲ, ಅದೇ ಗುಂಪಿನ ಇನ್ನೊಬ್ಬನವು. ಅವನು ಹೇಳುವಾಗ ನಾನು ಅಲ್ಲೇ ಇದ್ದೆ.’ ಬುಧವಾರ ಬಸ್ಸಿನಲ್ಲಿ ಕೂತು, ಹಾಡಿನ ಕೆಳಗೆ ಜನ ಹಾಕಿದ್ದ ಅಭಿಪ್ರಾಯಗಳನ್ನು ಓದುತ್ತಾ ಓದುತ್ತಾ ಬರೆದೆ. ಭಾನುವಾರ ಬೆಳಿಗ್ಗೆಯ ಹೊತ್ತಿಗೆ ಅದು ಎಲ್ಲರ ಮಾತಿಗಿಂತ ಮೇಲೆ ಹತ್ತಿ ಕೂತಿತ್ತು. ಹಾಡಿದವನು ನಮ್ಮ ಗೇಟಿನ ಮುಂದೆ ಬೈಕ್ ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದ.

ಅವರದು ಚಾಮರಾಜಪೇಟೆಯ ನಾಲ್ಕು ಜನರ ರ‍್ಯಾಪ್ ಗುಂಪು. ನಾನು ರ‍್ಯಾಪ್ ಮಾಡಿದವನಲ್ಲ. ಟೆರೇಸಿನ ನೀರಿನ ಟ್ಯಾಂಕಿನ ಮೇಲೆ ತಾಳ ತಟ್ಟುತ್ತಿದ್ದವನು, ಜೊತೆಗೆ ಇತಿಹಾಸದ ಎಂ.ಎ. ಮಾಡಿದ್ದರಿಂದ ಆಗಾಗ ಉಪದೇಶ ಕೊಡುತ್ತಿದ್ದವನು. ಅಲ್ಲಿ ಯಾರೂ ಏನನ್ನೂ ಬರೆದಿಡುತ್ತಿರಲಿಲ್ಲ, ರೆಕಾರ್ಡ್ ಕೂಡ ಮಾಡುತ್ತಿರಲಿಲ್ಲ. ನಾಲಿಗೆಯ ಮೇಲೆ ನಿಂತದ್ದೇ ಹಾಡು ಎಂಬ ಹಟ. ಆ ಗುಂಪು ಚದುರಿದ ಮೇಲೆ ಅವರಲ್ಲೊಬ್ಬ ಈಗ ಒಬ್ಬನೇ ಒಂದು ಆಲ್ಬಮ್ ತಂದಿದ್ದ.

ಕೇಳಿದವರು ಸುಮ್ಮನಿರಲಿಲ್ಲ. ‘ನಾಲ್ಕ್ ಜನ ಇದ್ದಾಗ ಹುಲಿ, ಒಬ್ನೇ ಆದ್ಮೇಲೆ ಬೆಕ್ಕು’ ಎಂದು ಒಬ್ಬ. ‘ಬೀಟ್ ಜಾಸ್ತಿ, ಮಾತು ಖಾಲಿ’ ಎಂದು ಮತ್ತೊಬ್ಬ. ಆದರೆ ಆರನೇ ಹಾಡಿನ ಬಗ್ಗೆ ಬೈಯುವವರೂ ಸೋತಿದ್ದರು. ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವ ಅಪ್ಪನ ಹಾಡು ಅದು.

‘ಊರ ಮದ್ವೆಗೆಲ್ಲ ಉಸಿರು ಕೊಟ್ಟ ನಮ್ಮಪ್ಪ,
ಊಟದ ಪಂಕ್ತೀಲಿ ಉಸಿರೆತ್ತದೆ ನಿಂತ.’

ಹಾಡಿದವನ ಅಪ್ಪ ಸೈಟು ಮಾರುವವರು. ಟ್ರಂಪೆಟ್ ಊದುತ್ತಿದ್ದವರು ಗುಂಪಿನ ಇನ್ನೊಬ್ಬನ ಅಪ್ಪ. ಕಾಟನ್‌ಪೇಟೆಯ ಬ್ಯಾಂಡಿನಲ್ಲಿದ್ದು, ಮುಂದಿನ ಹಲ್ಲು ಬಿದ್ದ ಮೇಲೆ ಊದುವುದನ್ನು ಬಿಟ್ಟವರು. ಅವರ ಮಗ ಕಡಿಮೆ ಮಾತಿನವನು, ಈಗ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಆ ಸಾಲುಗಳನ್ನು ನಾನು ಮೊದಲು ಕೇಳಿದ್ದು ಅವನ ಬಾಯಿಂದ. ಬಕೆಟ್ ಬೋರಲು ಹಾಕಿ ಕೂತು, ನೆಲ ನೋಡುತ್ತಾ ಹೇಳಿದ್ದ. ಇದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಗೇಟಿನ ಹತ್ತಿರ ಹೋದೆ.

“ಬನ್ನಿ ಸಾಕ್ಷಿಗಳೇ, ದಯಮಾಡ್ಸಿ” ಎಂದ ಹಾಡಿದವನು. ಹೆಲ್ಮೆಟ್ ತೆಗೆಯಲಿಲ್ಲ. “ನಾನ್ ಕಳ್ಳಾನಾ ಮಗಾ?”

“ಕಳ್ಳ ಅಂತ ನಾನ್ ಬರ್ದಿಲ್ಲ.”

“ನೀನ್ ಬರೀಲಿಲ್ಲ, ಬರ್ಸ್ದೆ. ಸಂಜೆ ಮಲ್ಲೇಶ್ವರದಲ್ಲಿ ಶೋ ಇದೆ. ಮಧ್ಯಾಹ್ನ ಒಂದ್ ಗಂಟೆ ಒಳಗೆ ಇದು ಕ್ಲಿಯರ್ ಆಗ್ಲಿಲ್ಲ ಅಂದ್ರೆ ಆ ಹಾಡು ಬೇಡ ಅಂತಿದಾರೆ ಶೋ ನಡೆಸೋರು. ಅದೊಂದ್ ಬಿಟ್ರೆ ನನ್ ಹತ್ರ ಏನಿದೆ?”

“ಅವನ ಬಾಯಿಂದಾನೇ ಕೇಳ್ದೆ ಗುರು. ಬಕೆಟ್ ಮೇಲೆ ಕೂತ್ಕೊಂಡು…”

“ಅವನ ಬಾಯಿಂದಾನೇ ಕೇಳಿರ್ತೀಯ! ‘ಬಾಯಿ ಬದಲು’ ರೂಲ್ ಮರ್ತ್ಬಿಟ್ಯಾ? ಸಾಲು ಕಟ್ದೋನು ಮೊದ್ಲು ಹೇಳಂಗಿಲ್ಲ, ಇನ್ನೊಬ್ಬನ ಕೈಲಿ ಹೇಳಿಸ್ಬೇಕು. ದನಿ ಜೋರಿದ್ರೆ ಕೆಟ್ಟ ಸಾಲೂ ಬದುಕ್ಬಿಡುತ್ತೆ ಅಂತ ಆ ರೂಲ್ ತಂದಿದ್ದು ಯಾರು? ನೀನೇ ಕಣೋ!”

ನನಗೆ ನಿಜವಾಗಿಯೂ ನೆನಪಿರಲಿಲ್ಲ. ಮಾತಿನ ಧಾಟಿ ಮಾತ್ರ ನನ್ನದೇ ಎನಿಸಿತು. ಆಗ ನಾನು ಅಂಥ ಮಾತುಗಳನ್ನು ಆಡುತ್ತಿದ್ದೆ.

ಮಾವಳ್ಳಿಯಲ್ಲಿರುವ ಗುಮಾಸ್ತನ ಮನೆಗೇ ಹೋಗಿ ಕೇಳುವುದೆಂದಾಯಿತು. ಹಾಡಿದವನು ನನ್ನನ್ನು ಬೈಕಿಗೆ ಹತ್ತಿಸಿಕೊಂಡ. ಹಿಂದೆ ಕೂತ ನಾನು ಆ ಟೆರೇಸನ್ನು ಮತ್ತೆ ಮತ್ತೆ ತಿರುವಿ ಹಾಕುತ್ತಿದ್ದೆ. ಕಣ್ಣಾರೆ ಕಂಡವರ ಹೇಳಿಕೆಯನ್ನು ಹೇಗೆ ಅನುಮಾನಿಸಬೇಕು ಎಂದು ಎರಡು ವರ್ಷ ಕಲಿತವನು ನಾನು. ಅದನ್ನು ನನ್ನ ಮೇಲೆ ಒಮ್ಮೆಯೂ ಪ್ರಯೋಗಿಸಿರಲಿಲ್ಲ. ಆ ನಿಯಮ ಬಂದದ್ದು ಆ ದಿನಕ್ಕಿಂತ ಮುಂಚೆಯೋ, ಆಮೇಲೋ? ಮುಂಚೆಯಾದರೆ ನಾನು ಬರೆದದ್ದು ತಪ್ಪು. ಬಕೆಟ್ಟಿನ ಬಣ್ಣವನ್ನು ನೆನಪಿಸಿಕೊಳ್ಳಲು ಯತ್ನಿಸಿದೆ. ನೀಲಿ. ಸಿಗ್ನಲ್‌ನಲ್ಲಿ ನಿಂತಾಗ ನೆನಪಿನ ಬಕೆಟ್ ಹಸಿರಾಗಿತ್ತು.

ಗುಮಾಸ್ತ ವಾರದ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದ. ಅವನ ಅಪ್ಪ ಪೇಟೆಗೆ ಹೋಗಿದ್ದರು. ನಮ್ಮಿಬ್ಬರನ್ನು ಒಟ್ಟಿಗೆ ನೋಡಿ ಅವನ ಮುಖ ಬಿಗಿಯಾಯಿತು.

“ಆ ಸಾಲು ಯಾರ್ದು ಹೇಳ್ಬಿಡು” ಎಂದ ಹಾಡಿದವನು. “ನಿಂದು ಅಂದ್ರೆ ಇವತ್ತೇ ಬಿಟ್ಬಿಡ್ತೀನಿ.”

ಗುಮಾಸ್ತ ಕಾಲರ್ ಮುಗಿಸಿದ. ತೋಳು ಮುಗಿಸಿದ.

“ನಿಂದೇ.”

“ಮತ್ತೆ ನಾಲ್ಕ್ ದಿನದಿಂದ ಬಾಯ್ ಮುಚ್ಕೊಂಡ್ ಕೂತಿದ್ದೆ! ನನ್ನ ತಿಂತಾ ಇದಾರೆ ಅಲ್ಲಿ. ಓದ್ಲಿಲ್ವಾ?”

“ಓದ್ದೆ.” ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿದ. “ಎಲ್ಲಾ ಓದ್ದೆ. ‘ನಿಜವಾದ್ ಕವಿ ಆ ಇನ್ನೊಬ್ಬ, ಮೂಲೇಲಿ ಕೂರ್ಸಿದ್ರು’ ಅಂತ ಬರ್ದಿದ್ರು. ಗುಂಪಲ್ಲಿ ಇದ್ದಾಗ ನನ್ ಬಗ್ಗೆ ಒಬ್ರೂ ಒಂದ್ ಮಾತ್ ಬರ್ದಿರ್ಲಿಲ್ಲ. ಚೆನ್ನಾಗಿತ್ತು.”

ಅಷ್ಟು ನೇರವಾಗಿ ಹೇಳಿದ್ದರಿಂದ ಯಾರಿಗೂ ಬೈಯಲು ಬರಲಿಲ್ಲ. ನಾನು ಫೋನ್ ತೆಗೆದೆ. ಗಂಟೆ ಹನ್ನೆರಡೂವರೆ ದಾಟಿತ್ತು.

“ನಿಲ್ಲು” ಎಂದ ಗುಮಾಸ್ತ. ಈಗ ಅವನು ಹಾಡಿದವನನ್ನು ದಿಟ್ಟಿಸುತ್ತಿದ್ದ. “ಸಾಲು ನಿಂದು. ‘ನಮ್ಮಪ್ಪ’ ನಿಂದಲ್ಲ. ಅಪ್ಪನ ಕತೆ ಒಂದಿನ ಅಳ್ತಾ ನಾನ್ ಹೇಳ್ದೆ ನಿಂಗೆ, ಒಬ್ನಿಗೇ. ಆಲ್ಬಮ್ ಬಂತು. ಎಲ್ಲೂ ನಮ್ಮಪ್ಪನ ಸುದ್ದಿ ಇಲ್ಲ. ನಿಮ್ಮಪ್ಪ ಎಂಥ ಕಷ್ಟ ಪಟ್ರೋ ಅಂತ ಜನ ಅತ್ರು. ನೀನು ಅಳೋಕೆ ಬಿಟ್ಟೆ.”

ಹಾಡಿದವನು ಆಗ ಹೆಲ್ಮೆಟ್ ತೆಗೆದ. ಕೂದಲೆಲ್ಲ ಬೆವರಿನಲ್ಲಿ ಅಂಟಿಕೊಂಡಿತ್ತು. ನನ್ನ ಕಡೆ ತಿರುಗಿ, “ಅದನ್ನೂ ಬರಿ” ಎಂದ.

ಬರೆದೆ: ‘ನಾನು ಹೇಳಿದ್ದು ತಪ್ಪು. ಸಾಲುಗಳು ಹಾಡಿದವನವೇ. ಹಾಡಿನಲ್ಲಿರುವ ಅಪ್ಪ ಗೆಳೆಯನ ಅಪ್ಪ.’ ಇಬ್ಬರೂ ಓದಿದರು. ಕಳಿಸಿದೆ. ಹಾಡಿದವನು ಅದನ್ನೇ ಶೋ ನಡೆಸುವವರಿಗೂ ಕಳಿಸಿದ. ಹತ್ತು ನಿಮಿಷ ಉತ್ತರವಿಲ್ಲ. ಆಮೇಲೆ ಅವನ ಫೋನ್ ಸದ್ದಾಯಿತು. ಹಾಡು ಇರಲಿ ಎಂದಿದ್ದರು.

“ಬಾ” ಎಂದ, ಗುಮಾಸ್ತನಿಗೆ. “ಆ ಎರಡ್ ಸಾಲು ನೀನೇ ಹೇಳು.”

“ನಂಗೆ ಆ ಸ್ಪೀಡ್ ಬರಲ್ಲ ಮಚ್ಚಾ.”

“ನಿಧಾನಕ್ಕೆ ಹೇಳು. ಬೀಟ್ ನಿಲ್ಲಿಸ್ತೀನಿ.”

ಗುಮಾಸ್ತ ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತ. ಆಮೇಲೆ ಅಂಗಿ ತೊಟ್ಟು ಬಾಗಿಲಿಗೆ ಬೀಗ ಹಾಕಿದ. ಬೈಕಿನಲ್ಲಿ ಇಬ್ಬರಿಗೆ ಜಾಗ. ನೀನೂ ಬಾ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬಸ್‌ಸ್ಟಾಪಿನಲ್ಲಿ ನಿಂತು ಫೋನ್ ನೋಡಿದೆ. ‘ಹೆದರಿಸಿ ಬರ್ಸಿದಾರೆ’ ಎಂದು ಆಗಲೇ ಇಬ್ಬರು ಬರೆದಿದ್ದರು. ಕೆಳಗೆ ಯಾರೋ ಒಬ್ಬರು ಸಭ್ಯವಾಗಿ ಕೇಳಿದ್ದರು: ‘ಸರ್, ಬುಧವಾರ ಒಂದು ಹೇಳಿದ್ರಿ, ಇವತ್ತು ಇನ್ನೊಂದು. ನಿಮಗೆ ನಿಜವಾಗ್ಲೂ ನೆನಪಿರೋದು ಯಾವ್ದು?’

ಬಸ್ ಬಂದು ಹೋಯಿತು. ‘ನನಗೆ ನೆನಪಿಲ್ಲ, ಅವರಿಬ್ಬರನ್ನು ಕೇಳಿ ಬರೆದೆ’ ಎಂದು ಟೈಪ್ ಮಾಡಿ ಕಳಿಸಿದೆ.