ಬುಧವಾರದ ಪಿಳ್ಳಮ್ಮ

ಪಿಳ್ಳಮ್ಮನಿಗೆ ಮಂಗಳವಾರ ಮತ್ತು ಶುಕ್ರವಾರ ಮೈಮೇಲೆ ದೇವರು ಬರುತ್ತಿತ್ತು. ಮಿಕ್ಕ ದಿನಗಳಲ್ಲಿ ಗಂಡನ ಕೈಲಿ ಒದೆ ತಿನ್ನುತ್ತಿದ್ದಳು.

ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ಇದು ಹಾಲಿನವನು ಬಂದುಹೋಗುವಷ್ಟೇ ರೆಗ್ಯುಲರ್. ಸೋಮವಾರ ಅವಳ ತುಟಿ ಒಡೆದಿರುತ್ತಿತ್ತು. ಮಂಗಳವಾರ ಸಂಜೆ ಅದೇ ತುಟಿ ಕಚ್ಚಿಕೊಂಡು, ಕೂದಲು ಬಿಚ್ಚಿ ಹಾಕಿ, ಬೇವಿನ ಕೊಂಬೆಯಿಂದ ಗಂಡ ನಾರಾಯಣಪ್ಪನ ಬೆನ್ನು ಸುಲಿಯುತ್ತಿದ್ದಳು. ಆತ ಕೈಮುಗಿದು ಕೂತು, "ತಪ್ಪಾಯ್ತು ಮಾರಮ್ಮತಾಯಿ" ಎನ್ನುತ್ತ ಅಷ್ಟನ್ನೂ ತಿನ್ನುತ್ತಿದ್ದ. ಬುಧವಾರ ಹಿಂದಿರುಗಿಸುತ್ತಿದ್ದ.

ದೇವಿಯನ್ನು ತಣಿಸುವುದು ನೆರೆಯ ಹೆಂಗಸರ ಕೆಲಸ. ಅರಿಶಿನ, ಸುಣ್ಣ ಕಲಸಿದ ಓಕುಳಿಯನ್ನು, ನೋಡಿದರೆ ರಕ್ತವೇ, ತಟ್ಟೆಯಲ್ಲಿ ತಂದು ನಿವಾಳಿಸಿ ಅವಳ ಪಾದಕ್ಕೆ ಸುರಿಯುತ್ತಿದ್ದರು. ಅವಳು ಧೊಪ್ಪನೆ ಬೀಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಎದುರುಮನೆಯ ನನ್ನ ಗೇಟು ಕಿರುಗುಟ್ಟುತ್ತಿತ್ತು. "ಟೀಚರಮ್ಮ, ಕಾಫಿ ಐತಾ?"

"ನಿಜವಾಗಿ ದೇವರು ಬರುತ್ತೇನೇ?" ಎಂದು ಒಮ್ಮೆ ಕೇಳಿದ್ದೆ.

"ಅವ್ಳು ಬಂದಾಗ ನಾನಿರಲ್ಲ ಟೀಚರಮ್ಮ. ಆಮೇಲೆ ತೋಳು ನೋಯುತ್ತೆ ನೋಡಿ, ಆಗ ಗೊತ್ತಾಗುತ್ತೆ, ಚೆನ್ನಾಗೇ ಇಕ್ಕವ್ಳೆ ಅಂತ."

ಕಡ್ಡಿಯಂಥ ಹೆಂಗಸು. ಮಗ್ಗದ ಶೆಡ್ಡಿನಲ್ಲಿ ರೇಷ್ಮೆ ನೂಲು ಸುತ್ತುವ ಕೆಲಸ. ಒಂದು ಕಿವಿ ಕೇಳುತ್ತಿರಲಿಲ್ಲ. ಮಗ್ಗದ ಸದ್ದಿಗೆ ಹೋಯಿತೆಂದು ಅವಳು, ಗಂಡನ ಏಟಿಗೆ ಹೋಯಿತೆಂದು ಬೀದಿ. ಭಾನುವಾರ ನನ್ನ ಜಗಲಿಯಲ್ಲಿ ಸೊಪ್ಪು ಬಿಡಿಸಿಕೊಡುತ್ತ, "ಆ ಫಾರಿನ್ ದೇವ್ರುಗಳ ಪುಸ್ತಕ ತಗೀರಿ" ಎನ್ನುತ್ತಿದ್ದಳು. ಕಾನ್ವೆಂಟಿನಲ್ಲಿ ಸಿಸ್ಟರ್ ನನಗೆ ಪ್ರೈಜ್ ಕೊಟ್ಟಿದ್ದ ಪಿಕ್ಚರ್ ಬುಕ್ ಅದು. ನೆನೆದರೆ ಈಗಲೂ ಚಾಪೆಲ್‌ನ ಮೇಣದ ವಾಸನೆ ಬಂದಂತಾಗುತ್ತದೆ, ಸಿಲ್ಲಿ ಮಿ.

ಗ್ರೀಕ್ ದೇವರುಗಳ ದೊರೆ ಸ್ಯೂಸ್‌ನ ಪ್ರೇಮಪ್ರಕರಣಗಳನ್ನು ಕೇಳಿ, "ನಮ್ಮ ವಾಟರ್‌ಮ್ಯಾನ್ ಇದ್ದಂಗವ್ನೆ" ಎಂದಳು. ಹುಟ್ಟಿದ ಮಕ್ಕಳನ್ನೆಲ್ಲ ನುಂಗುವ ಕ್ರೋನಸ್‌ನ ಕತೆಗೆ ಸೊಪ್ಪು ಬಿಡಿಸುವ ಕೈ ನಿಂತಿತು.

"ಅವ್ರಮ್ಮ ಏನ್ ಮಾಡ್ತಿದ್ಲು?"

"ಕೊನೆಯ ಮಗುವಿನ ಬದಲು ಒಂದು ಕಲ್ಲನ್ನು ಬಟ್ಟೇಲಿ ಸುತ್ತಿ ಕೊಟ್ಟಳು. ಅದನ್ನೇ ನುಂಗಿದ."

"ಥೂ! ಅದೇ ಕಲ್ಲೆತ್ತಿ ತಲೆಮೇಲೆ ಹಾಕೋದಲ್ವಾ?"

ಅವಳನ್ನು ಹಿಡಿದು ಕೂರಿಸಿದ್ದು ಮಾತ್ರ ಈಜಿಪ್ಟಿನ ಸೆಖ್ಮೆಟ್, ಸಿಂಹದ ತಲೆಯ ದೇವತೆ. ಮನುಷ್ಯರನ್ನು ಸಿಗಿದು ಹಾಕುತ್ತ ಹೋಗುತ್ತಾಳೆ. ತಡೆಯಲಾರದೆ ದೇವರುಗಳು ಬಿಯರಿಗೆ ಕೆಂಪು ಕಲಸಿ ಹೊಲದ ತುಂಬ ಸುರಿಯುತ್ತಾರೆ. ರಕ್ತವೆಂದುಕೊಂಡು ಕುಡಿದು ಮಲಗಿಬಿಡುತ್ತಾಳೆ. ಪಿಳ್ಳಮ್ಮ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಅಲ್ಲೂ ಓಕುಳೀನಾ? ಹೋಗ್ಲಿ, ಎದ್ಮೇಲೆ ಏನ್ ಮಾಡಿದ್ಲು?"

"ಪುಸ್ತಕದಲ್ಲಿ ಅಷ್ಟೇ ಇರೋದು ಕಣೇ."

ಹೊಸಕೋಟೆಗೆ ಕೊಟ್ಟಿದ್ದ ಪಿಳ್ಳಮ್ಮನ ಮಗಳು ಸುಧಾ ಹೋದ ವರ್ಷ ತವರಿಗೆ ಬಂದಳು. ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಗುರುತು, ಮೂಲೆಗಳು ಕೂಡ ಸ್ಪಷ್ಟ. ಒತ್ತಿದವನು ಗಂಡ ಮಂಜ. "ಗಂಡನ ಮನೆ ಅಂದ್ಮೇಲೆ ಇವೆಲ್ಲ ಇದ್ದಿದ್ದೇ, ವಾಪಸ್ ಹೋಗ್ಲಿ" ಎಂದ ನಾರಾಯಣಪ್ಪ. ಆ ಮಂಗಳವಾರ ಪಿಳ್ಳಮ್ಮನ ಮೈಮೇಲೆ ಬಂದ ಮಾರಮ್ಮ, "ಈ ಹೆಣ್ಣು ಹೊಸಿಲು ದಾಟಿದ್ರೆ ನಿನ್ನ ಮನೆ ಸುಡ್ತೀನಿ" ಎಂದು ಗುಡುಗಿದಳು. ಆತ ಅಡ್ಡಬಿದ್ದು, "ಕಳ್ಸಲ್ಲ ತಾಯಿ" ಎಂದ. ಆಮೇಲೆ ನನ್ನ ಕಾಂಪೌಂಡಿನ ಪಕ್ಕವೇ ನಿಂತು ಅಳಿಯನಿಗೆ ಫೋನ್ ಮಾಡಿದ: "ಮಂಗಳವಾರ, ಶುಕ್ರವಾರ ಬಿಟ್ಟು ಬಾರಪ್ಪ."

ಮಂಜ ಬುಧವಾರ ಬಂದ. ಜಡೆಯನ್ನು ಕೈಗೆ ಸುತ್ತಿಕೊಂಡು ಸುಧಾಳನ್ನು ಎಳೆದ. ಅವಳು ಬಾಗಿಲ ಚೌಕಟ್ಟು ಹಿಡಿದಳು. ಅವನು ಆ ಬೆರಳುಗಳ ಮೇಲೆ ಬೂಟುಗಾಲಲ್ಲಿ ಒದ್ದ. ನಾರಾಯಣಪ್ಪ ಬೀಡಿ ಹಚ್ಚುತ್ತಿದ್ದ.

ಹಿತ್ತಲಿನಿಂದ ಪಿಳ್ಳಮ್ಮ ಬಂದಳು, ಸೌದೆ ಸೀಳುವ ಮಚ್ಚು ಹಿಡಿದು. ನಾನು ಗೇಟಿನಿಂದ ನೋಡಿದೆ: ತುರುಬು ಕಟ್ಟಿಯೇ ಇತ್ತು, ಕಣ್ಣು ನೆಟ್ಟಗಿದ್ದವು. ಮೊದಲ ಏಟು ಜಡೆ ಹಿಡಿದಿದ್ದ ಮಣಿಕಟ್ಟಿಗೆ. ಕೈ ತೊಗಲಿಗೆ ಜೋತುಬಿತ್ತು. ಎರಡನೆಯದು ಹೆಗಲಿಗೆ. ಮೂಳೆ ಮುರಿದ ಸದ್ದು ನನ್ನವರೆಗೆ ಬಂತು.

ಹೆಂಗಸರು ಅಭ್ಯಾಸಬಲದಿಂದ ಓಕುಳಿ ತಟ್ಟೆ ಹಿಡಿದು ಓಡಿಬಂದರು. "ಶಾಂತಳಾಗವ್ವ, ಮಾರಮ್ಮ!"

ಪಿಳ್ಳಮ್ಮ ತಟ್ಟೆಯನ್ನು ಒದ್ದಳು. "ಇವತ್ತು ಬುಧವಾರ ಕಣ್ರಮ್ಮೋ! ನಾನು ಪಿಳ್ಳಮ್ಮ!"

ಬೀಡಿ ಎಸೆದು ಕೈಮುಗಿಯಲು ಹೋದ ಗಂಡನ ಬಾಯಿಗೆ ಮಚ್ಚಿನ ಹಿಂಬದಿಯಿಂದ ಬಿಟ್ಟಳು. ಹಲ್ಲು ಉದುರಿದವು. ಓಕುಳಿ ಯಾವುದು, ರಕ್ತ ಯಾವುದು ಗೊತ್ತಾಗದೆ ಎರಡೂ ಮೋರಿಗೆ ಹರಿದವು.

ಮಂಜನ ಜೀವ ಉಳಿಯಿತು. ಸ್ಟೇಷನ್ನಿಗೆ ನಾನು ಲಾಯರನ್ನು ಕರೆದುಕೊಂಡು ಹೋದೆ. ದೇವರು ಬಂದಿತ್ತು ಎಂದು ಇಡೀ ಬೀದಿ ಸಾಕ್ಷಿ ಹೇಳಲು ತಯಾರಿತ್ತು. ಮಾರಮ್ಮನಿಗೆ ಹೆದರಿ ಮಂಜನ ಕಡೆಯವರೂ ರಾಜಿಗೆ ಒಪ್ಪಿದ್ದರು. ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು.

"ಪ್ಲೀಸ್, ಪಿಳ್ಳಮ್ಮ. ದೇವರು ಬಂದಿತ್ತು ಅನ್ನು."

ಕೇಳುವ ಕಿವಿಯನ್ನು ನನ್ನ ಕಡೆ ತಿರುಗಿಸಿ ನಕ್ಕಳು. "ಅಂಗಂದ್ರೆ ಬುಧವಾರಾನೂ ಬಿಟ್ಟು ಗುರುವಾರ ಬರ್ತಾರೆ ಟೀಚರಮ್ಮ. ಪಿಳ್ಳಮ್ಮ ಅಂದ್ರೆ ಯಾವತ್ತೂ ಬರಲ್ಲ."

ಅದೇ ಕೊನೆಯ ಮಾತುಕತೆ. ಅವಳೀಗ ಸಿಟಿಯ ಜೈಲಿನಲ್ಲಿದ್ದಾಳೆ; ನನ್ನ ಮಂಡಿಗಳು ಅಷ್ಟು ದೂರ ಬಿಡುವುದಿಲ್ಲ. ಮಂಗಳವಾರದ ಸಂಜೆಗಳು ಎಷ್ಟು ಕ್ವಯಟ್ ಎಂದರೆ ಶೆಡ್ಡಿನ ಮಗ್ಗಗಳು ಮಾತ್ರ ಕೇಳುತ್ತವೆ. ಪಿಕ್ಚರ್ ಬುಕ್ಕನ್ನು ಸುಧಾ ಒಯ್ದಿದ್ದಾಳೆ. ಅಮ್ಮನ ಜಾಗದಲ್ಲಿ ಕೂತು ನೂಲು ಸುತ್ತಿ, ಸಂಜೆ ಮನೆಗೆ ಬಂದು ದೀಪ ಹಚ್ಚುತ್ತಾಳೆ. ನಾರಾಯಣಪ್ಪ ಮೂಲೆಯಲ್ಲಿ ತೆಪ್ಪಗೆ ಗಂಜಿ ಕುಡಿಯುತ್ತಾನೆ.

ಇವತ್ತು ಗುರುವಾರ. ಎದುರುಮನೆಯ ಬಾಗಿಲನ್ನು ಸುಧಾ ಹಾರುಹೊಡೆದೇ ಇಟ್ಟಿದ್ದಾಳೆ.